ಮೂಗು ನೋಡದೆ ಕಳೆದ ನಾಲ್ಕು ದಿನ

ಶಹಾಪುರ ತಾಲೂಕಿನ ಕಾಲುವೆ ಬದಿಯ ಒಂದು ಹಳ್ಳಿಯಲ್ಲಿ ಪಶುವೈದ್ಯನಾಗಿ ನನ್ನ ನೌಕರಿಯ ಮೊದಲ ವರ್ಷ. ಒಂದು ಬೆಳಿಗ್ಗೆ ದವಾಖಾನೆಯ ಬೀಗ ತೆಗೆಯುವಾಗ ಹಿಂದಿನ ಕಟ್ಟೆಯ ಮೇಲೆ ಯಾರೋ ಗೊರಕೆ ಹೊಡೆಯುವುದು ಕೇಳಿಸಿತು. ರಾತ್ರಿ ಬಸ್ಸು ತಪ್ಪಿಸಿಕೊಂಡವರು ಮಲಗಿರಬೇಕು ಅಂದುಕೊಂಡೆ. ಹೋಗಿ ನೋಡಿದರೆ ಬೇವಿನ ಗಿಡಕ್ಕೆ ಕಟ್ಟಿದ ಎತ್ತು. ನಿಂತುಕೊಂಡೇ, ಕಣ್ಣು ಬಿಟ್ಟುಕೊಂಡೇ, ಮೆಲುಕು ಹಾಕುತ್ತಲೇ ಗೊರಗೊರ ಅನ್ನುತ್ತಿತ್ತು.

ದೇವಣಿ ಎತ್ತು. ಬಿಳಿ ಮೈ, ಅರ್ಧ ಕಪ್ಪು ಮುಖ. ಬೀದರಿನಲ್ಲಿ ಓದುವಾಗ ಇಂಥವನ್ನು ನೋಡಿ ನೋಡಿ ಬೆಳೆದವನು ನಾನು. ಮೈ ತುಂಬಿಕೊಂಡಿತ್ತು, ತೊಗಲು ಮಿಂಚುತ್ತಿತ್ತು. ಮಾಲೀಕ ಬಿಸಿಲಿಗೆ ಕೈ ಅಡ್ಡ ಹಿಡಿದು ಹೇಳಿದ: "ಮೇಯ್ತದ್ರಿ, ನೀರ್ ಕುಡಿತದ, ಗಳೇಕ್ಕೂ ಹೋಗ್ತದ. ಬರೇ ಸಪ್ಳ ಅಷ್ಟ ಮಾಡ್ತದ ನೋಡ್ರಿ."

ಜ್ವರ ನೋಡಿದೆ, 101.4. ದನಕ್ಕೆ ಅದು ಜ್ವರವೇ ಅಲ್ಲ. ಎದೆಗೆ ಸ್ಟೆಥಾಸ್ಕೋಪ್ ಇಟ್ಟೆ. ಒಳಗೆ ಜೋರು ಸದ್ದು. ಇನ್ನೇನು ಬೇಕು, ನ್ಯುಮೋನಿಯಾ ಶುರುವಾಗಿದೆ ಅಂತ ತೀರ್ಮಾನಿಸಿ ಆಂಟಿಬಯಾಟಿಕ್ ಚುಚ್ಚಿದೆ. ಮರುದಿನ ಬಾ ಅಂದೆ, ಬಂದ. ಮೂರನೇ ದಿನವೂ ಬಂದ. ಸದ್ದು ಒಂದು ಗುಂಜಿಯಷ್ಟೂ ಕಮ್ಮಿಯಾಗಲಿಲ್ಲ. ತೊಗರಿ ಹೊಲದಲ್ಲಿ ಎಡೆ ಹೊಡೆಯುವ ಕೆಲಸ ಬಿಟ್ಟು, ಎರಡು ಮೈಲಿ ಎತ್ತು ಹೊಡೆದುಕೊಂಡು ಬರುತ್ತಿದ್ದ ಮನುಷ್ಯ. ನಾಲ್ಕನೇ ದಿನ ನಾನು ಮತ್ತೆ ಎದೆಗೆ ಬಗ್ಗಿದಾಗ ಮೆಲ್ಲಗೆ ಅಂದ: "ಸಾಹೇಬ್ರ, ನೀವು ಎದಿಗೇ ಕಿವಿ ಹಚ್ಲಾಕತ್ತೀರಿ. ಸಪ್ಳ ಮೂಗಿನಾಗ ಬರ್ಲಾಕತ್ತದ."

ಆ ಮಾತಿಗೆ ನನ್ನ ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ.

ಓದಿದ್ದು ಮರೆತಿತ್ತು ಅಂತಲ್ಲ. ಮೂಗಿನಲ್ಲೋ ಗಂಟಲಲ್ಲೋ ಹುಟ್ಟಿದ ಸದ್ದು ಶ್ವಾಸನಾಳದ ಗುಂಟ ಇಳಿದು ಎದೆಯಲ್ಲೂ ಕೇಳುತ್ತದೆ. ಹಾಗಾಗಿ ಎದೆಯೊಂದನ್ನೇ ಕೇಳಿದರೆ ಮೋಸ ಹೋಗುತ್ತೀವಿ. ಸ್ಟೆಥಾಸ್ಕೋಪನ್ನು ಮೊದಲು ಗಂಟಲಿಗೆ ಇಟ್ಟು, ಆಮೇಲೆ ಎದೆಗೆ ತಂದು, ಎಲ್ಲಿ ಹೆಚ್ಚು ಜೋರು ಅಂತ ನೋಡಬೇಕು. ಉಸಿರು ಒಳಗೆಳೆಯುವಾಗ ಸದ್ದು ಹೆಚ್ಚಾದರೆ ತೊಂದರೆ ಬಹುತೇಕ ಮೇಲಿನ ದಾರಿಯಲ್ಲಿ: ಮೂಗು, ಗಂಟಲು, ಧ್ವನಿಪೆಟ್ಟಿಗೆ. ಉಸಿರು ಬಿಡುವಾಗ ಮುಲುಕುತ್ತಿದ್ದರೆ ಪುಪ್ಪುಸದ ಕಡೆ ನೋಡಬೇಕು. ಆ ಎತ್ತು ಎಳೆದುಕೊಳ್ಳುವಾಗಲೇ ಗೊರಗುಡುತ್ತಿತ್ತು. ಮಾಲೀಕನಿಗೆ ಅದು ಗೊತ್ತಿತ್ತು, ಯಾಕೆಂದರೆ ರಾತ್ರಿ ಅದರ ಪಕ್ಕದಲ್ಲೇ ಹೊರಸು ಹಾಕಿಕೊಂಡು ಮಲಗುತ್ತಿದ್ದವನು ಅವನು.

ಅಂಗೈಯನ್ನು ಒಂದು ಹೊಳ್ಳೆಗೆ ಅಡ್ಡ ಹಿಡಿದೆ. ಬಲಗಡೆ ಗಾಳಿ ಸರಾಗ. ಎಡಗಡೆ ಹತ್ತಿಯ ಎಳೆ ಹಿಡಿದರೆ ಅಲುಗಾಡಲೂ ಇಲ್ಲ. ಮಾಲೀಕ ಮೂಗುದಾರ ಬಿಗಿಹಿಡಿದು ಮುಖ ಸೂರ್ಯನ ಕಡೆ ತಿರುಗಿಸಿದ, ನಾನು ಗ್ಲೌಸ್ ಹಾಕಿಕೊಂಡು ಹೊಳ್ಳೆ ಅಗಲಿಸಿ ಟಾರ್ಚ್ ಬಿಟ್ಟೆ. ಒಳಗೆ ಎರಡು ಬೆರಳಿನಷ್ಟು ದೂರದಲ್ಲಿ ಕೆಂಪು ಮಿಶ್ರಿತ ತಿಳಿ ಹಳದಿ ಬಣ್ಣದ ಗಂಟು ಗಂಟು ಮಾಂಸ, ಥೇಟ್ ಹೂಕೋಸಿನ ತುಣುಕು. ಮುಟ್ಟಿದ ಕೂಡಲೇ ರಕ್ತ ಜಿನುಗಿತು. ಸಿಂಬಳದಲ್ಲಿ ಕೀವಿನ ಜೊತೆ ಕೆಂಪು ಗೆರೆ.

ಕೆರೆದು ತೆಗೆದ ಸಿಂಬಳವನ್ನು ಹತ್ತು ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕುದಿಸಿ, ತಳಕ್ಕೆ ಕೂತದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊಟ್ಟೆಗಳು ಕಂಡವು. ಪುಸ್ತಕದಲ್ಲಿ ಬೂಮರಾಂಗ್ ಆಕಾರ ಅಂತ ಬರೆದಿರುತ್ತಾರೆ. ಬೂಮರಾಂಗ್ ನಾನು ಕಂಡಿಲ್ಲ, ನನಗೆ ಕಂಡದ್ದು ಪುಟ್ಟ ಕುಡುಗೋಲು, ತುದಿಗೊಂದು ಮುಳ್ಳು. ಷಿಸ್ಟೊಸೋಮಾ ನೇಸೇಲ್ ಎಂಬ ಹುಳುವಿನ ಮೊಟ್ಟೆ, ಅಂದರೆ ನಮ್ಮ ರೈತರು ಕರೆಯುವ ಗೊರಕೆ ರೋಗ. 1933ರಲ್ಲಿ ರಾವ್ ಅವರು ನಮ್ಮ ದೇಶದ ದನಗಳಲ್ಲೇ ಇದನ್ನು ವಿವರಿಸಿದ್ದರು. ನಾನು ಪರೀಕ್ಷೆಗೆ ಓದಿದ್ದೆ, ಐದು ಅಂಕದ ಪ್ರಶ್ನೆಯಾಗಿ.

ಹುಳು ಇರುವುದು ಮೂಗಿನ ಒಳಪೊರೆಯ ರಕ್ತನಾಳಗಳಲ್ಲಿ. ಅದಕ್ಕೇ ಜ್ವರವಿಲ್ಲ, ಮೇವು ಬಿಡುವುದಿಲ್ಲ, ಮೈ ಇಳಿಯಲು ಬಹಳ ದಿನ ಬೇಕು. ದಾರಿ ಕಟ್ಟಿದಷ್ಟೂ ಸದ್ದು ಏರುತ್ತದೆ. ಅಂಥ ಎತ್ತು ಬಿಸಿಲಲ್ಲಿ ನಾಲ್ಕು ಸಾಲು ಎಳೆಯುವಷ್ಟರಲ್ಲಿ ಬಾಯಿ ತೆರೆದು ನಿಲ್ಲುತ್ತದೆ. ಸಂತೆಯಲ್ಲಿ ದಲಾಲಿ ಸದ್ದು ಕೇಳಿದ ಕೂಡಲೇ ಟವೆಲ್ಲಿನ ಕೆಳಗಿನ ಬೆರಳು ಮಡಚಿ ಬೆಲೆ ಇಳಿಸುತ್ತಾನೆ.

ಚಿಕಿತ್ಸೆಗೆ ಲಿಥಿಯಂ ಆಂಟಿಮನಿ ಥಯೋಮಲೇಟ್, ಸ್ನಾಯುವಿನ ಆಳಕ್ಕೆ, ವಾರಕ್ಕೊಂದರಂತೆ ಮೂರು ಸಲ. ನೋವಿನ ಇಂಜೆಕ್ಷನ್, ಚುಚ್ಚಿದ ಜಾಗ ಊದಿಕೊಳ್ಳುತ್ತದೆ. ಸಾಲದ್ದಕ್ಕೆ ಅದರಲ್ಲಿರುವ ಆಂಟಿಮನಿ ವಿಷದ ವಸ್ತು. ತೂಕ ನೋಡದೆ, ಡಾಕ್ಟರಿಲ್ಲದೆ ಅಂಗಡಿಯಿಂದ ತಂದು ಚುಚ್ಚುವ ಸಾಹಸ ಬೇಡ. ಎರಡನೇ ವಾರಕ್ಕೆ ಸದ್ದು ಅರ್ಧಕ್ಕಿಳಿಯಿತು. ಮೂರನೆಯದಾದ ಮೇಲೆ ಒಂದು ದಿನ ಮಾಲೀಕ ದಾರಿಯಲ್ಲಿ ಸಿಕ್ಕು, "ರಾತ್ರಿ ಸಪ್ಳೇ ಇಲ್ರಿ, ನನಗ ನಿದ್ದಿ ಬರವಲ್ದು" ಅಂತ ನಕ್ಕ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದು ಕರಿ ಹರಿಯಲು ಓಡಿಸಿದ್ದೂ ಆಯಿತು.

ಇದಾದ ಮೇಲೆ ನಾನು ಮೂಗಿನ ಪಂಡಿತನಾದೆ. ಯಾವ ದನ ಗೊರ ಅಂದರೂ ಗೊರಕೆ ರೋಗ. ಆ ಪಾಂಡಿತ್ಯ ಎಂಟು ತಿಂಗಳು ಬಾಳಿತು. ಒಂದು ಮಣಕ ಬಂತು, ಇದೇ ಥರ ಸದ್ದು, ಇದೇ ಥರ ಜ್ವರವಿಲ್ಲ. ಸೂಜಿ ಕೈಗೆ ತೆಗೆದುಕೊಂಡವನು ಯಾಕೋ ಅಂಗೈ ಅಡ್ಡ ಹಿಡಿದು ನೋಡಿದೆ. ಎರಡೂ ಹೊಳ್ಳೆಯಲ್ಲಿ ಗಾಳಿ ಸಮ. ತಲೆ ತಗ್ಗಿಸಿ ಮೇವಿಗೆ ಬಾಯಿ ಹಾಕಿದಾಗ ಸದ್ದು ಹೆಚ್ಚು, ಕತ್ತು ಚಾಚಿದಾಗ ಕಮ್ಮಿ. ದವಡೆಯ ಹಿಂದೆ ಬೆರಳು ಆಡಿಸಿದರೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಸೂಜಿಯಿಂದ ಎಳೆದಾಗ ಕೀವು. ಬಳ್ಳಾರಿ ಜಾಲಿಯ ಕಾಯಿ ತಿನ್ನಲು ಹೋದ ದನಕ್ಕೆ ಗಂಟಲಲ್ಲಿ ಮುಳ್ಳು ಚುಚ್ಚಿ ಹೀಗಾಗುವುದುಂಟು. ಇದಕ್ಕೆ ಮುಳ್ಳೇ ಕಾರಣವೋ ಏನೋ, ಕೀವು ಹೊರಗೆ ಹೋದ ಮೇಲೆ ಉಸಿರಾಟ ಸರಿಯಾಯಿತು. ಆಂಟಿಮನಿ ಚುಚ್ಚಿದ್ದರೆ ಮೂರು ವಾರ ಕಾಯುತ್ತಾ ಕೂತಿರುತ್ತಿದ್ದೆ.

ಇಲ್ಲೊಂದು ಮಾತು ಹೇಳಲೇಬೇಕು. ಮೇಯುವ ದನದ ಸದ್ದಿಗೆ ನಿಧಾನವಾಗಿ ನೋಡಲು ಸಮಯವಿದೆ. ಜ್ವರ 105 ದಾಟಿ, ಗಂಟಲು ಬಾತು, ಜೊಲ್ಲು ಸುರಿಸುತ್ತಾ ಗೊರಗುಡುವ ದನಕ್ಕೆ ಇಲ್ಲ. ಅದು ಗಂಟಲು ಬೇನೆ, ಒಂದೇ ದಿನದಲ್ಲಿ ಕೊಂದುಹಾಕುತ್ತದೆ. ಮಳೆಗಾಲದ ಮುಂಚೆ ಲಸಿಕೆ ಹಾಕಿಸಿ ಅಂತ ನಾವು ಊರೂರು ತಿರುಗುವುದು ಅದಕ್ಕೇ. ಇನ್ನು ದನದ ದನಿಯೇ ಬದಲಾಗಿ, ಒಡೆದ ದನಿಯಲ್ಲಿ ಒದರುತ್ತಾ, ಜೊಲ್ಲು ಸುರಿಸುತ್ತಾ ನೀರು ನುಂಗಲಾಗದೆ ನಿಂತಿದ್ದರೆ, ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ರೋಗವೂ ಹೀಗೇ ಕಾಣಿಸಿಕೊಳ್ಳುತ್ತದೆ.

ಆ ದೇವಣಿ ಎತ್ತಿನ ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದು ವರ್ಷದ ಮೇಲೆ ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ಊಟಕ್ಕೆ ಕರೆದಿದ್ದರು. ಚರಗ ಚೆಲ್ಲಿ ಬಂದು ಭಜ್ಜಿ, ಸಜ್ಜೆ ರೊಟ್ಟಿಗೆ ಕೂತಿದ್ದೇವೆ, ಹಿಂದಿನಿಂದ ಅದೇ ಗೊರಗೊರ.

ಊಟ ಬಿಟ್ಟೆದ್ದು ಎತ್ತು ನೀರು ಕುಡಿಯುವ ಜಾಗ ತೋರಿಸು ಅಂದೆ. ಮೊದಲನೇ ಸಲವೇ ಕೇಳಬೇಕಿದ್ದ ಪ್ರಶ್ನೆ. ಬಸವಸಾಗರ ಜಲಾಶಯದ ನೀರು ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಈ ಕಡೆ ಬಂದ ಮೇಲೆ ಇಲ್ಲಿ ಭತ್ತ ಬಂತು. ಭತ್ತದ ಬಸಿ ನೀರು ನಿಲ್ಲುವ ತಗ್ಗುಗಳೂ ಬಂದವು. ಅಂಥದ್ದೇ ಒಂದು ತಗ್ಗು. ಆಪು ಹುಲ್ಲು ಬೆಳೆದಿತ್ತು, ಅಂಚಿಗೆ ಪಾಚಿ. ಕೈಹಾಕಿ ಎಲೆ ಮಗುಚಿದರೆ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಬಸವನಹುಳು, ಒಂದಲ್ಲ, ಹತ್ತಾರು. ಒಂದನ್ನು ಕಲ್ಲಿನ ಮೇಲೆ ಒಡೆದೆ, ರಕ್ತದಂಥ ಕೆಂಪು ರಸ. ಇಂಡೋಪ್ಲಾನಾರ್ಬಿಸ್. ಮೂಗಿನಿಂದ ಉದುರಿದ ಮೊಟ್ಟೆ ನೀರಲ್ಲಿ ಒಡೆದು, ಮರಿ ಈ ಬಸವನಹುಳುವಿನ ಮೈ ಹೊಕ್ಕು, ಅದರೊಳಗೇ ಸಾವಿರಪಟ್ಟು ಹೆಚ್ಚಿ, ಕವಲುಬಾಲದ ಮರಿಗಳಾಗಿ ಹೊರಬಂದು ನೀರಿಗಿಳಿದ ದನದ ಚರ್ಮ ತೂರುತ್ತವೆ. ತಗ್ಗು ಬತ್ತಿದರೂ ಬಸವನಹುಳು ಕೆಸರಲ್ಲಿ ಹುದುಗಿ ಮಳೆಗೆ ಕಾಯುತ್ತದೆ.

"ಆ ನೀರಾಗ ಇಳದ್ರ ನಮಗೂ ಕಾಲ್ ತಿಂತಾವ್ರಿ" ಅಂದಳು ಮನೆಯೊಡತಿ, ಭತ್ತ ನಾಟಿ ಮಾಡುವವಳು. ದನಕ್ಕೆಂದು ಹೊರಟ ಮರಿಗಳು ಮನುಷ್ಯರ ಚರ್ಮಕ್ಕೂ ಹೊಕ್ಕು ಅಲ್ಲೇ ಸಾಯುತ್ತವೆ, ತುರಿಕೆ ಮಾತ್ರ ಬಿಟ್ಟು ಹೋಗುತ್ತವೆ. ಅವಳ ಕಾಲಿನ ಗುಳ್ಳೆಗಳನ್ನು ನಾನು ಮೊದಲ ವರ್ಷವೇ ನೋಡಿದ್ದೆ, ಕೇಳಿರಲಿಲ್ಲ.

ತಗ್ಗಿನಲ್ಲಿ ಅವರ ಎಮ್ಮೆ ಮಲಗಿತ್ತು, ಕೊರಳ ತನಕ ನೀರಲ್ಲಿ. ಸದ್ದಿಲ್ಲ, ಸಿಂಬಳ ಸುರಿಯುತ್ತಿಲ್ಲ. ಒತ್ತಾಯ ಮಾಡಿ ಅದರ ಮೂಗಿನ ಸಿಂಬಳ ತೆಗೆಸಿಕೊಂಡು ಹೋಗಿ ನೋಡಿದೆ. ಕುಡುಗೋಲು ಅದರಲ್ಲೂ ಇತ್ತು. ಎಮ್ಮೆಯಲ್ಲಿ ಹುಳು ಇದ್ದರೂ ಹೂಕೋಸು ಬೆಳೆಯುವುದು ಕಮ್ಮಿ, ಹಾಗಾಗಿ ಯಾರೂ ಅದನ್ನು ದವಾಖಾನೆಗೆ ತರುವುದಿಲ್ಲ. ಅದು ತಗ್ಗಿಗೆ ಮೊಟ್ಟೆ ಹಾಕುತ್ತಲೇ ಇತ್ತು, ನಾನು ಎತ್ತಿಗೆ ಸೂಜಿ ಚುಚ್ಚುತ್ತಲೇ ಇದ್ದೆ.

ಮೈಲುತುತ್ತ ಸುರಿದರೆ ಬಸವನಹುಳು ಸಾಯುತ್ತವೆ, ಜೊತೆಗೆ ಮೀನೂ ಸಾಯುತ್ತದೆ, ಮುಂದಿನ ಮಳೆಗೆ ಹೊಸ ಬಸವನಹುಳು ಕಾಲುವೆಯಿಂದ ಬರುತ್ತವೆ. ಅದು ಬೇಡ ಅಂದೆ. ಎತ್ತು, ಎಮ್ಮೆ ಎರಡಕ್ಕೂ ಔಷಧ ಕೊಟ್ಟೆ. ಕೊಟ್ಟಿಗೆ ಹತ್ತಿರ ಕಲ್ಲಿನ ಬಾನಿ ಕಟ್ಟಿ ಬೋರ್ ನೀರು ಬಿಡಲು ಹೇಳಿದೆ, ಹದಿನೈದು ದಿನದಲ್ಲಿ ಕಟ್ಟಿಸಿದ. ಎತ್ತು ಈಗ ಅಲ್ಲೇ ಕುಡಿಯುತ್ತದೆ. ಕಳೆದ ವಾರ ಆ ದಾರಿಯಲ್ಲಿ ಹೋಗುವಾಗ ಬೈಕು ನಿಲ್ಲಿಸಿ ಕಿವಿಗೊಟ್ಟೆ, ಸದ್ದಿಲ್ಲ. ಎಮ್ಮೆ ಎಲ್ಲಿ ಅಂದೆ. ಮಾಲೀಕ ತಗ್ಗಿನ ಕಡೆ ಕೈ ಮಾಡಿದ. ಆಪಿನ ನಡುವೆ ಎರಡು ಕೋಡು, ಒಂದು ಮೂಗು.

"ಎತ್ತಿಗಿ ನಾ ಹೇಳ್ತೀನ್ರಿ. ಎಮ್ಮಿಗಿ ಯಾರ್ ಹೇಳ್ಬೇಕು?"