ಆಘಾತದ ಅಂಜಿಕೆ: ಚಿಕಿತ್ಸೆ ನಡುವೆ ಬಿಡಬೇಡಿ

ಸಿಂಧನೂರು ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕವರು ಆಮೇಲೆ ಆ ದಾರಿಯನ್ನೇ ಬಿಟ್ಟು ಸುತ್ತು ಹಾಕುತ್ತಾರೆ. ಅಂಜಿಕೆಯನ್ನು ಬೆಳೆಸುವುದೇ ಇದು. ಕೆಟ್ಟ ಕನಸು, ಬೆಚ್ಚಿಬೀಳುವುದು ತಿಂಗಳು ದಾಟಿದರೂ ನಿಲ್ಲದಿದ್ದರೆ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇದಕ್ಕಿರುವ ಒಂದು ಚಿಕಿತ್ಸೆ ಎಕ್ಸ್‌ಪೋಷರ್ ಥೆರಪಿ, ಅಂದರೆ ಅಂಜಿಕೆ ಹುಟ್ಟಿಸುವುದನ್ನು ಥೆರಪಿಸ್ಟ್ ನೆರವಿನಿಂದ ಸ್ವಲ್ಪಸ್ವಲ್ಪವಾಗಿ ಎದುರಿಸುವುದು. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದು ಸುಮಾರು 90 ನಿಮಿಷ. ಅಂಜಿಕೆಗಳಿಗೆ 0ರಿಂದ 100ರವರೆಗೆ ಅಂಕ ಕೊಟ್ಟು, 40ರ ಆಸುಪಾಸಿನದರಿಂದ ಶುರು: ಹಗಲಲ್ಲಿ, ಜೊತೆಗೊಬ್ಬರಿದ್ದು, ಆ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಲ್ಲುವುದು. 30–45 ನಿಮಿಷ, ಇಲ್ಲವೇ ಅಂಕ ಅರ್ಧಕ್ಕಿಳಿಯುವ ತನಕ. ಎದೆ ಹೊಡಕೊಳ್ಳುವಾಗಲೇ ಹೊರಟುಬಂದರೆ ‘ಓಡಿದ್ದಕ್ಕೇ ಉಳಿದೆ’ ಎಂದು ಮನಸ್ಸು ಕಲಿಯುತ್ತದೆ.

ಮೊದಲ ವಾರಗಳಲ್ಲಿ ಕನಸು ಹೆಚ್ಚಬಹುದು. ಎಷ್ಟೋ ಜನ ಬಿಟ್ಟುಬಿಡುವುದು ಆಗಲೇ, ಅದನ್ನು ಕಂಡರೆ ಸಂಕಟವಾಗುತ್ತದೆ. ಬಿಡುವ ಮುನ್ನ ಥೆರಪಿಸ್ಟ್‌ಗೆ ಹೇಳಿ. ಇನ್ನೂ ಹಗುರವಾದದ್ದನ್ನು ಮೊದಲು ಮಾಡಿಸುತ್ತಾರೆ.