ಒಂದೇ ಅಂಕಕ್ಕೆ ನಾಲ್ಕು ಕೆಲಸ

ಪ್ರಮಾಣೀಕೃತ ಪರೀಕ್ಷೆಗಳ ಮಾತು ಬಂದಾಗಲೆಲ್ಲ ಚರ್ಚೆಯು ಪರೀಕ್ಷೆ ಇರಬೇಕೋ ಬೇಡವೋ ಎಂಬ ವಾದಕ್ಕೆ ಇಳಿಯುತ್ತದೆ. ಪಾಠ ಹೇಳುವ, ಪ್ರಶ್ನೆಪತ್ರಿಕೆ ತೆಗೆಯುವ ಕೆಲಸದಲ್ಲೇ ಬಹುಕಾಲ ಕಳೆದಿರುವ ನನಗೆ ಆ ವಾದದಲ್ಲಿ ಹೆಚ್ಚು ಹುರುಳು ಕಾಣುವುದಿಲ್ಲ. ಪರೀಕ್ಷೆಯ ಅಂಕವನ್ನು ಯಾವ ತೀರ್ಮಾನಕ್ಕೆ ಬಳಸಲಾಗುತ್ತಿದೆ, ಆ ತೀರ್ಮಾನವನ್ನು ಸಮರ್ಥಿಸುವ ಪುರಾವೆ ಇದೆಯೇ ಎಂದು ಕೇಳುವವರು ಮಾತ್ರ ಕಡಿಮೆ. ಮಗುವಿಗೆ ಯಾವ ಪಾಠ ಅರ್ಥವಾಗಿಲ್ಲವೆಂದು ತಿಳಿಯಲು, ಕಾಲೇಜಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ನಿರ್ಧರಿಸಲು, ಶಾಲೆಗಳಿಗೆ ದರ್ಜೆ ಕೊಡಲು, ಶಿಕ್ಷಕರ ಸಾಮರ್ಥ್ಯ ಅಳೆಯಲು ಒಂದೇ ಅಂಕವನ್ನು ದುಡಿಸಿಕೊಳ್ಳುವ ವ್ಯವಸ್ಥೆಗಳಿವೆ. ಈ ನಾಲ್ಕರಲ್ಲಿ ಒಂದಕ್ಕೆ ಒಪ್ಪುವ ಪರೀಕ್ಷೆ ಉಳಿದ ಮೂರಕ್ಕೂ ಒಪ್ಪುತ್ತದೆಂದು ಅಲ್ಲಿ ಸಾಮಾನ್ಯವಾಗಿ ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ, ಒಂದೇ ಅವಧಿ, ಒಂದೇ ರೀತಿಯ ಮೌಲ್ಯಮಾಪನ ಎಂಬ ನಿಯಮವನ್ನು ನಾನು ಹಗುರವಾಗಿ ಕಾಣುವವನಲ್ಲ. ಚೀನಾದಲ್ಲಿ ಸೋಂಗ್ ರಾಜವಂಶದ ಕಾಲದ ಅಧಿಕಾರಿಗಳ ಆಯ್ಕೆ ಪರೀಕ್ಷೆಯಲ್ಲಿ ಅಭ್ಯರ್ಥಿಯ ಹೆಸರನ್ನು ಮುಚ್ಚುತ್ತಿದ್ದುದಲ್ಲದೆ, ಕೈಬರಹದಿಂದಲೂ ಗುರುತು ಸಿಗಬಾರದೆಂದು ಉತ್ತರಗಳನ್ನು ನಕಲುಗಾರರಿಂದ ಹೊಸದಾಗಿ ಬರೆಸಿ ಪರೀಕ್ಷಕರಿಗೆ ಕೊಡುತ್ತಿದ್ದರು. ವಶೀಲಿಗೆ ತಡೆಯೊಡ್ಡಲು ಅಷ್ಟು ಶ್ರಮಪಟ್ಟವರ ಕಾಳಜಿ ಇಂದಿಗೂ ಸಲ್ಲುವಂಥದ್ದೇ.

ಆ ಚೀನೀ ಪರೀಕ್ಷಾ ಪದ್ಧತಿ ರದ್ದಾದದ್ದು 1905ರಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ಫ್ರಾನ್ಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೊ ತಮ್ಮ ಬುದ್ಧಿಮಾಪನ ಪರೀಕ್ಷೆಯನ್ನು ಪ್ರಕಟಿಸಿದರು. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಪ್ರತ್ಯೇಕ ಪಾಠದ ಏರ್ಪಾಡು ಮಾಡುವುದು ಅದರ ಉದ್ದೇಶವಾಗಿತ್ತು. ಬುದ್ಧಿಶಕ್ತಿಯನ್ನು ಹೆಚ್ಚಿಸಲು ಸಾಧ್ಯವೇ ಇಲ್ಲವೆಂಬ ಅಭಿಪ್ರಾಯವನ್ನು ಬಿನೆ ಬಲವಾಗಿ ವಿರೋಧಿಸಿದ್ದರು. ಅಮೆರಿಕಕ್ಕೆ ಹೋದ ಮೇಲೆ ಈ ಬಗೆಯ ಪರೀಕ್ಷೆಗಳ ಬಳಕೆ ಬೇರೆಯೇ ದಾರಿ ಹಿಡಿಯಿತು. ಮೊದಲ ಮಹಾಯುದ್ಧದ ಸಮಯದಲ್ಲಿ ಅಲ್ಲಿನ ಸೇನೆ 17 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿತು, ಮತ್ತು ಮನೋವಿಜ್ಞಾನಿ ಕಾರ್ಲ್ ಬ್ರಿಗ್ಹಮ್ 1923ರಲ್ಲಿ ಆ ಅಂಕಗಳನ್ನೇ ಮುಂದಿಟ್ಟುಕೊಂಡು ಜನಾಂಗಗಳ ನಡುವೆ ಮೇಲು ಕೀಳು ನಿರ್ಣಯಿಸಿದರು. ಸೈನಿಕರ ವಿಂಗಡಣೆಗೆಂದು ಪಡೆದ ಅಂಕಗಳಲ್ಲಿ ಭಾಷೆಯ ಮತ್ತು ಅಮೆರಿಕದ ರೂಢಿಗಳ ಪರಿಚಯವೂ ಬೆರೆತಿತ್ತೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾಲೇಜು ಪ್ರವೇಶಕ್ಕಾಗಿ 1926ರಲ್ಲಿ ಆರಂಭವಾದ ಎಸ್‌ಎಟಿ ಪರೀಕ್ಷೆಯನ್ನು ರೂಪಿಸಿದವರೂ ಇವರೇ. ತಮ್ಮ ಜನಾಂಗೀಯ ತೀರ್ಮಾನಗಳಿಗೆ ಆಧಾರವಿಲ್ಲವೆಂದು 1930ರಲ್ಲಿ ಬರೆದು ಹಿಂದೆ ಸರಿದವರೂ ಇವರೇ.

ಇಲ್ಲಿ ವಿಶ್ವಾಸಾರ್ಹತೆ ಮತ್ತು ಸಿಂಧುತ್ವ ಎಂಬ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಅದೇ ಮಗು ಅದೇ ಮಟ್ಟದ ಇನ್ನೊಂದು ಪ್ರಶ್ನೆಪತ್ರಿಕೆಯನ್ನು ಬರೆದರೂ ಹೆಚ್ಚುಕಡಿಮೆ ಅಷ್ಟೇ ಅಂಕ ಬರುವುದಾದರೆ ಪರೀಕ್ಷೆ ವಿಶ್ವಾಸಾರ್ಹ. ಸಿಂಧುತ್ವದ ಪ್ರಶ್ನೆ ಅದಕ್ಕಿಂತ ಜಟಿಲವಾದದ್ದು. ಅಮೆರಿಕದ ಮೂರು ವೃತ್ತಿಪರ ಸಂಘಗಳು ಸೇರಿ 2014ರಲ್ಲಿ ಪರಿಷ್ಕರಿಸಿದ ಮಾನದಂಡಗಳ ಪ್ರಕಾರ ಸಿಂಧುತ್ವವೆಂಬುದು ಪರೀಕ್ಷೆಗೆ ಅಂಟಿಕೊಂಡಿರುವ ಗುಣವಲ್ಲ. ನಿರ್ದಿಷ್ಟ ಬಳಕೆಗಾಗಿ ಅಂಕಕ್ಕೆ ನಾವು ಕೊಡುವ ಅರ್ಥವನ್ನು ಪುರಾವೆಗಳು ಎಷ್ಟರಮಟ್ಟಿಗೆ ಬೆಂಬಲಿಸುತ್ತವೆ ಎಂಬುದೇ ಸಿಂಧುತ್ವ. ಹಾಗಾಗಿ 'ಈ ಪರೀಕ್ಷೆ ಸಿಂಧುವೇ' ಎಂದಷ್ಟೇ ಕೇಳಿದರೆ ಉತ್ತರ ಹೇಳಲು ಬರುವುದಿಲ್ಲ.

ಒಂದು ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. 1/2 ಮತ್ತು 1/3ರ ಮೊತ್ತವೆಷ್ಟು ಎಂದು ಕೇಳಿ 5/6, 2/5, 2/6, 1/6 ಎಂಬ ನಾಲ್ಕು ಆಯ್ಕೆಗಳನ್ನು ಕೊಟ್ಟಿದ್ದೇವೆಂದುಕೊಳ್ಳಿ. 2/5 ಎಂದು ಗುರುತು ಹಾಕಿದ ಮಗು ಬಹುಶಃ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೂ ಅರ್ಧಕ್ಕಿಂತ ಕಡಿಮೆ ಬಂದಿತೆಂಬುದು ಅದರ ಗಮನಕ್ಕೆ ಬಂದಿಲ್ಲ. 2/6 ಎಂದ ಮಗು ಛೇದಗಳನ್ನು ಸಮಗೊಳಿಸಬೇಕೆಂದು ತಿಳಿದಿದೆ, ಆದರೆ ಅಂಶಗಳನ್ನು ಬದಲಾಯಿಸುವುದನ್ನು ಮರೆತಿದೆ. 1/6 ಎಂದದ್ದು ಕೂಡುವ ಬದಲು ಗುಣಿಸಿರಬಹುದು. ಮೂವರಿಗೂ ಮರುದಿನ ಹೇಳಿಕೊಡಬೇಕಾದ ಪಾಠ ಬೇರೆ ಬೇರೆ, ಆದರೆ ಅಂಕಪಟ್ಟಿಯಲ್ಲಿ ಮೂವರಿಗೂ ಸೊನ್ನೆ. ರ್‍ಯಾಂಕ್ ನಿರ್ಧರಿಸಲು ಆ ಸೊನ್ನೆ ಸಾಕು, ಕಲಿಸಲು ಸಾಲದು. ಇದೇ ಲೆಕ್ಕವನ್ನು ಆರು ಸಾಲಿನ ಕಥೆಯೊಳಗೆ ಹುದುಗಿಸಿ ಕೇಳಿದರೆ ಗಣಿತದ ಅಂಕವೆಂದು ನಾವು ಕರೆಯುವುದರೊಳಗೆ ಓದಿನ ವೇಗವೂ ಸೇರಿಕೊಳ್ಳುತ್ತದೆ, ಮತ್ತು ಪರೀಕ್ಷೆಯ ಭಾಷೆ ಮನೆಮಾತಲ್ಲದ ಮಗು ಭಿನ್ನರಾಶಿ ಗೊತ್ತಿದ್ದೂ ಹಿಂದೆ ಬೀಳುತ್ತದೆ.

ಇನ್ನು ಕಟ್ ಆಫ್ ವಿಚಾರ. ಒಂದು ಪರೀಕ್ಷೆಯ ಅಂಕಗಳ ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ, 10 ಮತ್ತು ವಿಶ್ವಾಸಾರ್ಹತೆ (ಅದರ ಗರಿಷ್ಠ 1) 0.91 ಎಂದಿಟ್ಟುಕೊಳ್ಳಿ, ಇದು ಒಳ್ಳೆಯ ಪರೀಕ್ಷೆಯೆಂದೇ ಯಾರಾದರೂ ಹೇಳುವರು. ಆದರೂ ಅದರ ಮಾಪನ ದೋಷ 3 ಅಂಕದಷ್ಟಾಗುತ್ತದೆ. ಎಂದರೆ ವಿದ್ಯಾರ್ಥಿಯ ನಿಜವಾದ ಮಟ್ಟ 60 ಇದ್ದರೆ, ಬೇರೆ ಬೇರೆ ಪತ್ರಿಕೆಗಳಲ್ಲಿ ಅವನ ಅಂಕ ಸುಮಾರು ಮೂರರಲ್ಲಿ ಎರಡು ಸಲ 57 ಮತ್ತು 63ರ ನಡುವೆ ಬಿದ್ದು, ಉಳಿದ ಸಲ ಅದರಾಚೆಗೂ ಹೋಗುತ್ತದೆ. 60ಕ್ಕೆ ಗೆರೆ ಎಳೆದು 61 ಬಂದವನನ್ನು ಒಳಗೆ, 59 ಬಂದವನನ್ನು ಹೊರಗೆ ಕಳಿಸುವಾಗ ಅವರಿಬ್ಬರ ಸಾಮರ್ಥ್ಯದಲ್ಲಿ ವ್ಯತ್ಯಾಸವಿದೆಯೆಂದು ಹೇಳುವ ಅಧಿಕಾರವನ್ನು ಆ ಪರೀಕ್ಷೆ ನಮಗೆ ಕೊಟ್ಟಿರುವುದಿಲ್ಲ.

ಅಂಕದ ಮೇಲೆ ಶಾಲೆಯ ಅಳಿವು ಉಳಿವು ನಿಂತಾಗ ಅಂಕವೇ ಕೆಡುತ್ತದೆ. ಒಂದು ಅಳತೆಯನ್ನು ನಿರ್ಧಾರಗಳಿಗೆ ಬಳಸಿದಷ್ಟೂ ಅದು ಭ್ರಷ್ಟಗೊಳ್ಳುತ್ತದೆಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಅಮೆರಿಕದಲ್ಲಿ 2002ರಲ್ಲಿ ಜಾರಿಗೆ ಬಂದ ಕಾಯ್ದೆಯೊಂದು 3ರಿಂದ 8ನೇ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕೆಂದು ಗುರಿಯಿಟ್ಟಿತು. ಅಟ್ಲಾಂಟಾದಲ್ಲಿ ತಪ್ಪು ಉತ್ತರಗಳನ್ನು ಅಳಿಸಿ ಸರಿ ಉತ್ತರ ತುಂಬಿದ ಪ್ರಕರಣದಲ್ಲಿ 2015ರಲ್ಲಿ 11 ಮಂದಿ ಶಿಕ್ಷಣ ಸಿಬ್ಬಂದಿ ತಪ್ಪಿತಸ್ಥರೆಂದು ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿ ಮೊದಲ ನಷ್ಟ ಮಕ್ಕಳದ್ದು. ನೆರವು ಬೇಕಿದ್ದವರಿಗೆ ನೆರವು ಬೇಡವೆಂದು ಕಾಗದದ ಮೇಲೆ ದಾಖಲಾಯಿತು. ಅದೇ ದೇಶದ ರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯಾದ ಎನ್‌ಎಇಪಿಯಲ್ಲಾದರೋ ಆಯ್ದ ಶಾಲೆಗಳ ಆಯ್ದ ಮಕ್ಕಳು ಮಾತ್ರ ಬರೆಯುತ್ತಾರೆ, ಒಬ್ಬೊಬ್ಬರೂ ಪ್ರಶ್ನೆಗಳ ಒಂದು ಭಾಗಕ್ಕಷ್ಟೇ ಉತ್ತರಿಸುತ್ತಾರೆ, ಯಾವ ಮಗುವಿಗೂ ಪ್ರತ್ಯೇಕ ಅಂಕ ಸಿಗುವುದಿಲ್ಲ. ವ್ಯಕ್ತಿಗಳ ಬಗ್ಗೆ ಏನೂ ಹೇಳದಿರಲು ಒಪ್ಪಿಕೊಂಡಿರುವುದರಿಂದಲೇ ಅದು ಇಡೀ ವ್ಯವಸ್ಥೆಯ ಬಗ್ಗೆ ನಂಬಬಹುದಾದ ಮಾತು ಹೇಳಬಲ್ಲದು.

ಪ್ರವೇಶ ಪರೀಕ್ಷೆಗಳ ಬಗ್ಗೆ ನನ್ನ ನಿಲುವು ಇಷ್ಟು ಖಚಿತವಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರ ಕಾರ್ಯಪಡೆ 2020ರಲ್ಲಿ ಪ್ರವೇಶ ಪರೀಕ್ಷೆಯ ಅಂಕ ವಿದ್ಯಾರ್ಥಿಗಳ ಮುಂದಿನ ಸಾಧನೆಯನ್ನು ಅಂದಾಜಿಸಬಲ್ಲದೆಂದು ವರದಿ ಕೊಟ್ಟಿತು. ಅದೇ ವರ್ಷ ಆಡಳಿತ ಮಂಡಳಿ ಆ ಪರೀಕ್ಷೆಗಳನ್ನು ಹಂತಹಂತವಾಗಿ ಕೈಬಿಡಲು ತೀರ್ಮಾನಿಸಿತು. ಅಮೆರಿಕದ್ದೇ ತಾಂತ್ರಿಕ ವಿಶ್ವವಿದ್ಯಾಲಯವಾದ ಎಂಐಟಿ, ಕೋವಿಡ್ ಸಾಂಕ್ರಾಮಿಕದ ವೇಳೆ ಕೈಬಿಟ್ಟಿದ್ದ, ಪ್ರವೇಶ ಪರೀಕ್ಷೆಯ ಅಂಕ ಸಲ್ಲಿಸಲೇಬೇಕೆಂಬ ನಿಯಮವನ್ನು 2022ರಲ್ಲಿ ಮರಳಿ ತಂದಿತು. ಅನುಕೂಲವಿಲ್ಲದ ಶಾಲೆಗಳಿಂದ ಬರುವ ಸಮರ್ಥರನ್ನು ಗುರುತಿಸಲು ಅಂಕ ನೆರವಾಗುತ್ತದೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಗಣಿತ ಎಲ್ಲರಿಗೂ ಕಡ್ಡಾಯವಾಗಿರುವ ಒಂದು ಸಂಸ್ಥೆಗೂ ಇಡೀ ರಾಜ್ಯದ ಮಕ್ಕಳಿಗೆ ಬಾಗಿಲು ತೆರೆಯಬೇಕಾದ ವಿಶ್ವವಿದ್ಯಾಲಯಕ್ಕೂ ಅಂಕದಿಂದ ಆಗಬೇಕಾದ ಕೆಲಸ ಒಂದೇ ಅಲ್ಲವಾದ್ದರಿಂದ, ಎರಡೂ ತೀರ್ಮಾನಗಳು ಅವರವರ ಮಟ್ಟಿಗೆ ಸರಿಯಿರಬಹುದು.

ಸೀಟುಗಳು ಕಡಿಮೆಯಿರುವಲ್ಲಿ ಎಲ್ಲಾದರೂ ಗೆರೆ ಎಳೆಯಲೇಬೇಕಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ನೆದರ್ಲೆಂಡ್ಸ್ 1972ರಿಂದ ಹಲವು ದಶಕಗಳ ಕಾಲ ವೈದ್ಯಕೀಯ ಸೀಟುಗಳನ್ನು ತೂಕ ನೀಡಿದ ಲಾಟರಿಯ ಮೂಲಕ ಹಂಚಿತು. ಶಾಲಾ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಆಯ್ಕೆಯಾಗುವ ಸಂಭವ ಹೆಚ್ಚಿತ್ತು, ಕಡಿಮೆ ಪಡೆದವರಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಇಡೀ ಪ್ರವೇಶವನ್ನೇ ಹಾಗೆ ನಡೆಸಬೇಕೆಂದು ನಾನು ಹೇಳಲಾರೆ. ಗೆರೆಯ ಆಚೀಚೆ ಮಾಪನ ದೋಷದ ಅಳತೆಯೊಳಗೆ ಬರುವವರ ಹೆಸರುಗಳನ್ನು ಮಾತ್ರ ಬೇರೆಯಾಗಿರಿಸಿ, ಅವರಿಗೆ ಇನ್ನೊಂದು ಬಗೆಯ ಪರೀಕ್ಷೆ ಕೊಡುವುದೋ ಅಥವಾ ಚೀಟಿ ಎತ್ತುವುದೋ ಸಾಧ್ಯವಿದೆ. ಅದಕ್ಕೂ ಮೊದಲು ಆ ದೋಷ ಎಷ್ಟೆಂಬುದನ್ನು ಅಂಕಪಟ್ಟಿಯ ಮೇಲೆ, ಅಂಕದ ಪಕ್ಕದಲ್ಲೇ ಮುದ್ರಿಸಬೇಕು.