ಎಂಜಿನ್ ಬಿಚ್ಚುವ ಮುನ್ನ ಕೊಳ್ಳಬೇಕಾದ ಸಲಕರಣೆಗಳು

ಕಾರಿನ ಎಂಜಿನ್ನನ್ನು ತಾವೇ ಬಿಚ್ಚಿ ನೋಡಬೇಕೆಂಬ ಆಸೆಯುಳ್ಳವರಲ್ಲಿ ಬಹಳಷ್ಟು ಮಂದಿ ಮೊದಲು ನೂರಕ್ಕೂ ಹೆಚ್ಚು ತುಂಡುಗಳಿರುವ ದೊಡ್ಡ ಸಾಕೆಟ್ (ಬೋಲ್ಟಿನ ತಲೆಗೆ ಟೊಪ್ಪಿಯಂತೆ ಕೂತು ತಿರುಗಿಸುವ ಕೊಳವೆ) ಪೆಟ್ಟಿಗೆಯೊಂದನ್ನು ಕೊಳ್ಳುತ್ತಾರೆ. ಪುಣೆಯ ರವಿವಾರ ಪೇಟೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋದವರಿಗೆ ಅಂಥ ಪೆಟ್ಟಿಗೆಗಳ ಹೊಳಪು ಕಂಡು ಮನಸ್ಸು ಸೋಲುವುದು ಸಹಜವೇ. ಆದರೆ ಆ ತುಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಿಮ್ಮ ಎಂಜಿನ್ನಿನ ಬಳಿ ಎಂದೂ ಸುಳಿಯುವುದಿಲ್ಲ. ನಿತ್ಯ ಬೇಕಾಗುವ ನಾಲ್ಕಾರು ಅಳತೆಗಳು ಕಳಪೆ ಉಕ್ಕಿನವಾಗಿದ್ದರಂತೂ ಇಡೀ ಪೆಟ್ಟಿಗೆ ದಂಡ. ಎಂಜಿನ್ ನೋಡಿ ಸಲಕರಣೆ ಕೊಳ್ಳಬೇಕೇ ಹೊರತು ಪೆಟ್ಟಿಗೆ ನೋಡಿ ಕೊಳ್ಳಬಾರದು.

ಮೊದಲು ಬೋಲ್ಟುಗಳನ್ನು ಗಮನಿಸಬೇಕು. 796 ಸಿಸಿಯ ಮೂರು ಸಿಲಿಂಡರಿನ ಹಳೆಯ ಮಾರುತಿ 800ರಂತಹ, ಜಪಾನಿ ವಿನ್ಯಾಸದ ಎಂಜಿನ್ನುಗಳಲ್ಲಿ ಬಹುಪಾಲು ಕೆಲಸ 10, 12, 14, 17 ಮತ್ತು 19 ಮಿಲಿಮೀಟರ್ ಸಾಕೆಟ್ಟುಗಳಲ್ಲಿಯೇ ಮುಗಿಯುತ್ತದೆ. ನಮ್ಮ ಪಕ್ಕದ ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ 2009ರಲ್ಲಿ ಆರಂಭವಾದ ಮೇಲೆ ಪುಣೆಯ ಗ್ಯಾರೇಜುಗಳಿಗೆ ಹೆಚ್ಚಾಗಿ ಬರತೊಡಗಿದ ಯುರೋಪಿಯನ್ ಮೂಲದ ಕಾರುಗಳ ವಿಷಯ ಬೇರೆ. ಅವುಗಳಲ್ಲಿ ಆರು ಮೂಲೆಯ ನಕ್ಷತ್ರದಂತಹ ಟಾರ್ಕ್ಸ್ ತಲೆಗಳೂ, ಹನ್ನೆರಡು ಹಲ್ಲುಗಳ ಟ್ರಿಪಲ್ ಸ್ಕ್ವೇರ್ ತಲೆಗಳೂ ಸಿಗುತ್ತವೆ. ದೂರದಿಂದ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ಹನ್ನೆರಡು ಹಲ್ಲಿನ ಹೆಡ್ ಬೋಲ್ಟಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡನ್ನು ಬಿಗಿಯುವ ಬೋಲ್ಟು) ಟಾರ್ಕ್ಸ್ ಬಿಟ್ಟನ್ನೋ ಅಲೆನ್ ಕೀಯನ್ನೋ ತುರುಕಿ ತಿರುಗಿಸುವವರಿದ್ದಾರೆ. ಒಳಗಿನ ಹಲ್ಲುಗಳು ಒಮ್ಮೆ ಕಿತ್ತುಹೋದರೆ ಆ ಬೋಲ್ಟನ್ನು ಡ್ರಿಲ್ ಹಾಕಿ ತೆಗೆಯುವ ಸ್ಥಿತಿ ಬರುತ್ತದೆ.

ಸಾಕೆಟ್ಟಿನ ಒಳಮೈಗೆ ಆರು ಮೂಲೆಗಳಿವೆಯೋ ಹನ್ನೆರಡೋ ಎಂಬ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುತ್ತೇನೆ. ಭೋಸರಿಯ ಗ್ಯಾರೇಜೊಂದರಲ್ಲಿ ದುಡಿಯುವ ಇಂಡಿ ಕಡೆಯ ಹುಡುಗ ಒಂದು ಸಂಜೆ, "ಕಾಕಾ, ಬೋಲ್ಟ್ ತಿರಗವಲ್ದು, ಸಾಕೆಟ್ ಜಾರಾಕತ್ತೈತಿ" ಎಂದು ನನ್ನನ್ನು ಕರೆದ. ಎಂಜಿನ್ನಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಆ ಬೋಲ್ಟಿನ ಮೈಯೆಲ್ಲ ತುಕ್ಕು ಹಿಡಿದಿತ್ತು, ಮೂಲೆಗಳು ಮಾತ್ರ ಉಜ್ಜಿ ಬೆಳ್ಳಗಾಗಿದ್ದವು. ಅವನ ಕೈಯಲ್ಲಿದ್ದುದು ಹನ್ನೆರಡು ಮೂಲೆಯ, ಸಾಕಷ್ಟು ಸವೆದ ಸಾಕೆಟ್. ಅಂಥದ್ದು ಬೋಲ್ಟನ್ನು ಮೂಲೆಗಳ ಹತ್ತಿರದಲ್ಲಷ್ಟೇ ಹಿಡಿಯುತ್ತದೆ. ಆರು ಮೂಲೆಯದಾದರೆ ಮಗ್ಗುಲುಗಳಿಗೆ ಒತ್ತಿ ಕೂರುವುದರಿಂದ ಬಲವು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. "ಮೊದಲ ಸಾಕೆಟ್ ಬದಲಿ ಮಾಡು, ತಮ್ಮಾ" ಎಂದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಮರುದಿನ ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ, ಉದ್ದನೆಯ ಬ್ರೇಕರ್ ಬಾರಿನಿಂದ (ಒಳಗೆ ಹಲ್ಲುಗಳಿಲ್ಲದ ಗಟ್ಟಿ ಹಿಡಿಕೆ) ಜಗ್ಗದೆ ನಿಧಾನವಾಗಿ ಎಳೆದಾಗ ಬೋಲ್ಟ್ ಟಕ್ಕೆಂದು ಸಡಿಲಿತು. ಕೈ ಆಡಿಸಲು ಜಾಗವಿಲ್ಲದ ಕಡೆ ಹನ್ನೆರಡು ಮೂಲೆಯ ರಿಂಗ್ ಪಾನಾ (ಸ್ಪ್ಯಾನರ್) ಅನುಕೂಲವೆಂಬುದು ನಿಜ. ಬಿಗಿಯಾಗಿ ಕುಳಿತ ಹಳೆಯ ಬೋಲ್ಟಿಗೆ ಮಾತ್ರ ಅದು ತಕ್ಕುದಲ್ಲ.

ರ್‍ಯಾಚೆಟ್ಟಿಗೆ ಪೈಪ್ ಸಿಕ್ಕಿಸಿ ಜಗ್ಗುವ ಅಭ್ಯಾಸವನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಒಂದೇ ದಿಕ್ಕಿಗೆ ಹಿಡಿದು ತಿರುಗಿಸುವ ಆ ಹಿಡಿಕೆಯೊಳಗಿನ ಸಣ್ಣ ಹಲ್ಲುಗಳು ಸಡಿಲಾದ ಬೋಲ್ಟನ್ನು ಬೇಗ ಸುತ್ತುವುದಕ್ಕಾಗಿ ಇರುವಂಥವು. ಹೆಡ್ ಬೋಲ್ಟ್ ಮತ್ತು ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಪುಲ್ಲಿ ಬೋಲ್ಟುಗಳಿಗೆ ಅರ್ಧ ಇಂಚಿನ ಚೌಕ ಮೂತಿಯ ಬ್ರೇಕರ್ ಬಾರ್ ಬೇಕು. ಹಾಗೆಯೇ ಹೊಡೆತ ಕೊಡುತ್ತ ಬೋಲ್ಟ್ ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಅದಕ್ಕೆಂದೇ ಮಾಡಿದ ದಪ್ಪ ಗೋಡೆಯ ಕಪ್ಪು ಸಾಕೆಟ್ಟನ್ನೇ ಹಾಕಬೇಕು. ಹೊಳೆಯುವ ಕ್ರೋಮ್ ವೆನೇಡಿಯಂ ಸಾಕೆಟ್ ಆ ಹೊಡೆತಕ್ಕೆ ಸೀಳಿ ಮುಖಕ್ಕೆ ಸಿಡಿಯಬಹುದು. ಹೊರದೇಶದ ದುಬಾರಿ ಹೆಸರುಗಳೇ ಬೇಕೆಂದೇನಿಲ್ಲ, ನಾಸಿಕದ ತಪಾರಿಯಾ ಪಾನಾಗಳು ಮನೆಯಲ್ಲಿ ಕೆಲಸ ಮಾಡುವವರಿಗೆ ಧಾರಾಳವಾಗಿ ಸಾಕು.

ಬೋಲ್ಟನ್ನು ನಿಗದಿತ ಬಿಗಿತಕ್ಕೆ ಬಿಗಿಯುವ ಟಾರ್ಕ್ ವ್ರೆಂಚನ್ನು ಮರುಜೋಡಣೆಯ ಹೊತ್ತಿಗೆ ಕೊಂಡರಾಯಿತು ಎನ್ನುವವರಿದ್ದಾರೆ. ಅದರ ಹಣವನ್ನು ಮೊದಲೇ ತೆಗೆದಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಇಲ್ಲವಾದರೆ ಬಿಚ್ಚಿದ ಎಂಜಿನ್ ಮೂಲೆಯಲ್ಲಿ ಕಾಯುತ್ತ ಕೂರುತ್ತದೆ. ಕೊಳ್ಳುವಾಗ ಅದು ತೋರುವ ಬಿಗಿತದ ವ್ಯಾಪ್ತಿಯನ್ನು ನೋಡಬೇಕು: 40ರಿಂದ 200 ನ್ಯೂಟನ್ ಮೀಟರಿನ ವ್ರೆಂಚ್ ಹೆಡ್ ಬೋಲ್ಟಿಗೆ ಸರಿಯಾದರೂ 10 ನ್ಯೂಟನ್ ಮೀಟರಿನ ವಾಲ್ವ್ ಕವರ್ ಬೋಲ್ಟಿಗೆ ಬರುವುದಿಲ್ಲ. ಹಳೆಯ ಕೈಪಿಡಿಗಳು ಕಿಲೋಗ್ರಾಂ ಮೀಟರಿನಲ್ಲಿ ಲೆಕ್ಕ ಕೊಡುತ್ತವೆ. ಒಂದು ಕಿಲೋಗ್ರಾಂ ಮೀಟರ್ ಎಂದರೆ ಸುಮಾರು 9.8 ನ್ಯೂಟನ್ ಮೀಟರ್. ಬೋಲ್ಟ್ ಸಡಿಲಿಸಲು ಟಾರ್ಕ್ ವ್ರೆಂಚನ್ನು ಬಳಸಬಾರದು, ಕೆಲಸ ಮುಗಿದ ಮೇಲೆ ಕ್ಲಿಕ್ ಮಾದರಿಯದನ್ನು (ನಿಗದಿತ ಬಿಗಿತ ಬಂದಾಗ ಟಿಕ್ಕೆನ್ನುವುದು) ಕನಿಷ್ಠ ಅಂಕಕ್ಕೆ ಇಳಿಸಿಡಬೇಕು. ಇಷ್ಟಾದರೂ ಅಲ್ಯೂಮಿನಿಯಂ ಹೆಡ್ಡನ್ನು ಬಿಸಿ ಇರುವಾಗ ಬಿಚ್ಚಿದರೆ, ಇಲ್ಲವೇ ಎರಡು ತುದಿಗಳಿಂದ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತ ಬರದೆ ಮನಬಂದಂತೆ ಬಿಚ್ಚಿದರೆ ಅದು ಬಾಗಬಹುದು, ಆಗ ಯಾವ ಸಲಕರಣೆಯೂ ಉಪಯೋಗಕ್ಕೆ ಬರದು.

ವಾಲ್ವಿನ ಸ್ಪ್ರಿಂಗನ್ನು ಒತ್ತಿಹಿಡಿಯುವ ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್, ಬಿಗಿದ ಪುಲ್ಲಿಯನ್ನು ಎಳೆದು ತೆಗೆಯುವ ಪುಲ್ಲರ್, ಎಂಜಿನ್ ಎತ್ತುವ ಕ್ರೇನ್ ಇವನ್ನು ಪರಿಚಯದ ಗ್ಯಾರೇಜಿನಿಂದ ಎರವಲು ತಂದರೆ ಸಾಕು. ಇದಕ್ಕೆ ಬದಲಾಗಿ ನಾಲ್ಕು ಕಾಸಿನ ವಸ್ತುಗಳೆರಡನ್ನು ಮರೆಯದೆ ಕೊಳ್ಳಿ. ಒಂದು, ಅಳಿಸದ ಮಾರ್ಕರ್: ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕ್ಯಾಪುಗಳನ್ನು ಅದಲುಬದಲು ಮಾಡುವಂತಿಲ್ಲವಾದ್ದರಿಂದ ಬಿಚ್ಚುವ ಮೊದಲೇ ಪ್ರತಿಯೊಂದರ ಮೇಲೂ ಸಿಲಿಂಡರಿನ ಸಂಖ್ಯೆಯನ್ನೂ ದಿಕ್ಕನ್ನೂ ಬರೆಯಬೇಕು. ಇನ್ನೊಂದು, ಗೇಣುದ್ದದ ತೆಳು ರಬ್ಬರ್ ಪೈಪ್: ಕ್ಯಾಪ್ ತೆಗೆದ ಮೇಲೂ ಬೋಲ್ಟುಗಳು ರಾಡಿನಲ್ಲೇ ಉಳಿಯುವ ಎಂಜಿನ್ನುಗಳಲ್ಲಿ, ಪಿಸ್ಟನ್ನನ್ನು ಮೇಲಕ್ಕೆ ತಳ್ಳುವ ಮುನ್ನ ಅದನ್ನು ತುಂಡರಿಸಿ ಆ ಬೋಲ್ಟುಗಳಿಗೆ ತೊಡಿಸಿದರೆ ಕ್ರ್ಯಾಂಕಿನ ನುಣುಪಾದ ಜರ್ನಲ್ (ರಾಡು ಕೂರುವ ಭಾಗ) ಮೇಲೆ ಗೀರು ಬೀಳುವುದಿಲ್ಲ.